ವಾರಾಂತ್ಯದ ಮಾತುಕತೆ: ನಾವು ಕಟ್ಟಿದ್ದು, ಅದು ನಿಂತದ್ದು

2014ರ ಆಗಸ್ಟ್‌ನಲ್ಲಿ ಜೀ ಕನ್ನಡದಲ್ಲಿ 'ವೀಕೆಂಡ್ ವಿತ್ ರಮೇಶ್' ಶುರುವಾಯಿತು. ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. ಒಬ್ಬರ ಬದುಕಿನ ಕಥೆಯನ್ನೇ ಮನೆಮಂದಿಯೆಲ್ಲ ಕೂತು ನೋಡುತ್ತಾರೆ ಅನ್ನುವುದು ಆಗ ಎಲ್ಲ ಚಾನೆಲ್‌ಗಳಿಗೂ ಗೊತ್ತಾಯಿತು. ಅದಾದ ಮೇಲೆ ನಾನಿದ್ದ ಚಾನೆಲ್ಲೂ ಶನಿವಾರ, ಭಾನುವಾರ ಅಂಥದ್ದೇ ಒಂದು ಶೋ ಮಾಡಲು ಹೊರಟಿತು. ನಾನು ಅದರ ರಿಸರ್ಚ್ ತಂಡದಲ್ಲಿದ್ದೆ.

ನಮ್ಮ ಕೆಲಸ ಶುರುವಾಗುತ್ತಿದ್ದದ್ದು ಅತಿಥಿಯ ಮನೆಯಲ್ಲಲ್ಲ, ಅವರ ಊರಿನಲ್ಲಿ. ಪೇಪರ್‌ನಲ್ಲಿ ಬಂದದ್ದು ಜನಕ್ಕೆ ಗೊತ್ತೇ ಇರುತ್ತದೆ ಅಲ್ವಾ? ಹಾಗಾಗಿ ಹಳೆಯ ಮೇಷ್ಟ್ರು, ಬಾಡಿಗೆ ಮನೆಯ ಯಜಮಾನರು, ಒಟ್ಟಿಗೆ ಬಸ್ಸಿನಲ್ಲಿ ಓಡಾಡಿದವರು, ಇಂಥವರನ್ನೇ ಹುಡುಕುತ್ತಿದ್ದೆವು. ಆಮೇಲೆ ಆ್ಯಂಕರ್ ಜೊತೆ ಕೂತು ಪ್ರಶ್ನೆಗಳ ಸರದಿ ಹೊಂದಿಸುತ್ತಿದ್ದೆವು.

ವೃತ್ತಿ ನಾಟಕ ಕಂಪನಿಯಿಂದ ಸಿನಿಮಾಕ್ಕೆ ಬಂದ ಹಿರಿಯ ನಟರೊಬ್ಬರ ಎಪಿಸೋಡ್ ನನಗೆ ತುಂಬ ಹತ್ತಿರವಾದದ್ದು. ಕಷ್ಟದ ದಿನಗಳಲ್ಲಿ ಅವರಿಗೆ ಊಟ ಹಾಕಿದ ಖಾನಾವಳಿಯ ಅಮ್ಮ ಹುಬ್ಬಳ್ಳಿಯಲ್ಲಿ ಸಿಕ್ಕರು. ಖಾನಾವಳಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಉದ್ರಿ ಪುಸ್ತಕ ಮಾತ್ರ ಟ್ರಂಕಿನಲ್ಲಿತ್ತು. ಅದರಲ್ಲಿ ನಟರ ಹೆಸರೂ ಇತ್ತು. ನಮ್ಮ ಪ್ರೊಡ್ಯೂಸರ್‌ಗೆ ಆ ಪುಸ್ತಕ ವೇದಿಕೆಗೆ ಬರಲೇಬೇಕು ಅನ್ನಿಸಿತು. ಅಮ್ಮ ಒಪ್ಪಲಿಲ್ಲ. "ಉಂಡವರ ಲೆಕ್ಕಾ ಮಂದಿ ಮುಂದ ತಗೀಬೇಕೇನ್ರಿ? ನಾ ಒಲ್ಲೆ" ಅಂದರು. ಅವರು ಹೇಳಿದ್ದೇ ಸರಿ. ಬದಲಿಗೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬೆಂಗಳೂರಿಗೆ ಬಂದರು.

ನಟರಿಗೆ ಗೊತ್ತಾಗದ ಹಾಗೆ ಅವರನ್ನು ಬೇರೆ ಮಹಡಿಯ ಮೇಕಪ್ ರೂಮಿನಲ್ಲಿ ಕೂರಿಸಿದೆವು. ಇಂಥ ಕ್ಷಣಕ್ಕೆ ರೀಟೇಕ್ ಇರುವುದಿಲ್ಲ. ಒಂದು ಕ್ಯಾಮೆರಾ ಅತಿಥಿಯ ಮುಖ ಬಿಟ್ಟು ಕದಲಬಾರದು. ಅಮ್ಮ ಬಾಗಿಲಲ್ಲಿ ನಿಂತು "ಊಟ ಆತೇನಪಾ?" ಅಂದ ಕೂಡಲೇ ನಟರು ಎದ್ದು ನಿಂತರು. ಮಾತು ಹೊರಡಲಿಲ್ಲ. ಆ್ಯಂಕರ್ ಏನೋ ಕೇಳಲು ಬಾಯಿ ತೆರೆದರು. ಕಂಟ್ರೋಲ್ ರೂಮಿನಿಂದ (ಪಿಸಿಆರ್) ಡೈರೆಕ್ಟರ್, ಆ್ಯಂಕರ್ ಕಿವಿಗೆ ಕೇಳುವ ಟಾಕ್‌ಬ್ಯಾಕ್‌ನಲ್ಲಿ "ಬೇಡ, ಸುಮ್ನಿರಿ" ಅಂದರು. ಆ ಮೌನವನ್ನು ಎಡಿಟಿಂಗ್‌ನಲ್ಲೂ ಕತ್ತರಿಸಲಿಲ್ಲ. ಗಂಟೆಗೆ 12 ನಿಮಿಷ ಜಾಹೀರಾತು, ಉಳಿಯುವುದು 48. ಅದರಲ್ಲಿ ಮೌನಕ್ಕೆ ಜಾಗ ಕೊಡುವುದು ಸಣ್ಣ ಮಾತಲ್ಲ.

ಶೋ ಬೆಳೆಯಿತು. ಪ್ರೋಮೊ ಬಂದ ಕೂಡಲೇ ಊರುಗಳಿಂದ ಫೋನ್ ಬರುತ್ತಿದ್ದವು. ಜಾಹೀರಾತೂ ಜಾಸ್ತಿಯಾಯಿತು.

ಇಳಿಕೆ ನಿಧಾನವಾಗಿ ಬಂತು. ಎಷ್ಟು ಜನ ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಅಂಕಿ ಗುರುವಾರ ಬರುತ್ತದೆ. ಅಷ್ಟರಲ್ಲಿ ಮುಂದಿನ ವಾರಾಂತ್ಯದ ಎಪಿಸೋಡ್ ರೆಡಿಯಾಗಿರುತ್ತದೆ. ಆದರೂ ಅಂಕಿ ಇಳಿದರೆ ಗುರುವಾರ ಸಂಜೆಯೇ ಮತ್ತೆ ಎಡಿಟ್. ಏಪ್ರಿಲ್, ಮೇನಲ್ಲಿ ಐಪಿಎಲ್ ಎದುರಿಗಿರುತ್ತದೆ. ಆದರೆ ನಮ್ಮ ಶೋ ನಿಂತದ್ದು ಕ್ರಿಕೆಟ್‌ನಿಂದಲ್ಲ ಎಂದೇ ನಾನು ಹೇಳುತ್ತೇನೆ. ಖರ್ಚು ಉಳಿಸಲು ಮೊದಲು ಕೈ ಹಾಕಿದ್ದು ರಿಸರ್ಚ್‌ಗೆ. ಊರಿಗೆ ಹೋಗುವುದು ನಿಂತಿತು, ಫೋನಿನಲ್ಲೇ ಮುಗಿಸಿ ಎಂದರು. ಬಾಗಿಲಲ್ಲಿ ಬಂದು ನಿಲ್ಲುವವರು ಅತಿಥಿಯ ಮ್ಯಾನೇಜರ್ ಕೊಟ್ಟ ಪಟ್ಟಿಯಲ್ಲಿದ್ದವರೇ ಆದರು. ಹಾಗಿದ್ದ ಮೇಲೆ ಅಚ್ಚರಿ ಎಲ್ಲಿಂದ ಬರಬೇಕು? ಆಮೇಲೆ ಸಿನಿಮಾ ಬಿಡುಗಡೆಯ ವಾರಕ್ಕೆ ಸರಿಯಾಗಿ ಅತಿಥಿಗಳು ಬರತೊಡಗಿದರು. ಅದೇ ಕಥೆಯನ್ನು ಅಷ್ಟರಲ್ಲಿ ಹತ್ತಾರು ಯೂಟ್ಯೂಬ್ ಸಂದರ್ಶನಗಳಲ್ಲಿ ಹೇಳಿ ಮುಗಿಸಿರುತ್ತಿದ್ದರು. ನೋಡುವವರಿಗೆ ಇದೆಲ್ಲ ತಿಳಿಯುತ್ತದೆ. ಭಾನುವಾರದ ಸ್ಲಾಟ್ ಸಿನಿಮಾಕ್ಕೆ ಹೋಯಿತು. ಶನಿವಾರದ್ದು ಸೀಸನ್ ಮುಗಿಯುವ ತನಕ ನಡೆಯಿತು, ಮತ್ತೆ ಶುರುವಾಗಲಿಲ್ಲ.

ಈಗ ಯಾರಾದರೂ ಇಂಥ ಶೋ ಮಾಡುತ್ತೇವೆ ಎಂದು ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಸೆಟ್ ಚಿಕ್ಕದು ಮಾಡಿ, ಬಸ್ ಚಾರ್ಜ್ ಉಳಿಸಬೇಡಿ. ಇನ್ನೊಂದು ಚಿಂತೆ ನನಗಿದೆ. ಪ್ರಸಾರವಾಗದ ಫೂಟೇಜ್ ರಾಶಿಯಿತ್ತು. ಆ ನಟರು ಕಂಪನಿ ನಾಟಕದ ಪರದೆ, ರಂಗಗೀತೆ, ಊರಿಂದೂರಿಗೆ ಕ್ಯಾಂಪ್ ಕಟ್ಟುವ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದರು. ಅದೆಲ್ಲ ಹಾರ್ಡ್ ಡಿಸ್ಕ್‌ಗಳಲ್ಲಿದೆ. ಆ ಡಿಸ್ಕ್‌ಗಳನ್ನು ಅಳಿಸಿ ಬೇರೆ ಶೋಗೆ ಬಳಸಬೇಡಿ ಎಂದು ಚಾನೆಲ್‌ಗೆ ಬರೆದಿದ್ದೇನೆ. ಕಾಪಿ ಮಾಡುವ ಖರ್ಚನ್ನು ನಾವು ಹಳೆಯ ತಂಡದವರೇ ಹಾಕುತ್ತೇವೆ ಎಂದೂ ತಿಳಿಸಿದ್ದೇವೆ.