ಕಾರಿಲ್ಲದೆ ಮಲ್ ಮತ್ತು ಅಯೋನಾ: ನಾನು ಫೆರ್ರಿಯಲ್ಲಿ ಓಡಾಡಿದ ಬಗೆ

ಸ್ಕಾಟ್ಲೆಂಡಿನ ದ್ವೀಪಗಳಿಗೆ ಹೋಗುತ್ತೇನೆ ಅಂದರೆ ಎಲ್ಲರೂ ಮೊದಲು ಬಾಡಿಗೆ ಕಾರು ಹುಡುಕು ಅನ್ನುತ್ತಾರೆ. ನಾನು ಬೇಕಂತಲೇ ಕಾರು ಬಿಟ್ಟು ಹೊರಟೆ. ಬೇಸಿಗೆಯಲ್ಲಿ ಫೆರ್ರಿಯಲ್ಲಿ ಮೊದಲು ತುಂಬಿಹೋಗುವುದು ಕಾರಿನ ಜಾಗ. ಕಾಲ್ನಡಿಗೆಯಲ್ಲಿ ಹತ್ತುವವರಿಗೆ ಅಷ್ಟು ಪರದಾಟವಿಲ್ಲ, ಟಿಕೆಟ್ಟೂ ಅಗ್ಗ.

ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ಸ್ಟೇಷನ್‌ನಿಂದ ಓಬನ್ ಅನ್ನುವ ಬಂದರು ಊರಿಗೆ ರೈಲಿನಲ್ಲಿ ಸುಮಾರು 3 ಗಂಟೆ. ಇಳಿದರೆ ಫೆರ್ರಿ ಟರ್ಮಿನಲ್ ಪಕ್ಕದಲ್ಲೇ. ಮಲ್ ದ್ವೀಪದ ಕ್ರೇಗ್‌ನ್ಯೂರ್‌ಗೆ ಕ್ಯಾಲ್‌ಮ್ಯಾಕ್ ಕಂಪನಿಯ ಹಡಗು ಮುಕ್ಕಾಲು ಗಂಟೆ ಮೀರಿ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಹೊರಡುವಾಗ ಮೈಕಿನಲ್ಲಿ, ಕಾರಿನ ಅಲಾರಾಂ ಆಫ್ ಮಾಡಿ ಅಂತ ಹೇಳಿದರು. ಹಡಗು ಅಲುಗಾಡಿದರೂ ಅವು ಕೂಗಿಕೊಳ್ಳುತ್ತವಂತೆ! ಕಾರಿನವರೂ ಕೀಲಿ ಹಾಕಿ ಮೇಲೆ ಬರಲೇಬೇಕು, ಕೆಳಗೆ ಕೂರುವ ಹಾಗಿಲ್ಲ. ನಾನು ಡೆಕ್ಕಿನ ಎಡಬದಿಯಲ್ಲಿ ನಿಂತೆ. ಮಲ್ ಹತ್ತಿರವಾಗುತ್ತಿದ್ದಂತೆ ಬಂಡೆಯ ತುದಿಯಲ್ಲಿ ಡ್ಯುಆರ್ಟ್ ಕೋಟೆ ಕಾಣುತ್ತದೆ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಕ್ಯಾಂಟೀನಿನ ಮ್ಯಾಕರೋನಿ ಚೀಸ್ ಈ ಹಡಗುಗಳಲ್ಲಿ ಹೆಸರುವಾಸಿ. ಚಳಿಗಾಳಿಗೆ ಅದು ಚೆನ್ನಾಗಿಯೇ ಹಿಡಿಸುತ್ತದೆ.

ಕ್ರೇಗ್‌ನ್ಯೂರ್‌ನಲ್ಲಿ ಫೋಟೋ ತೆಗೆಯುತ್ತಾ ನಿಲ್ಲಬೇಡಿ, ಸೀದಾ ಬಸ್ಸಿಗೆ ಹೋಗಿ. ಅಯೋನಾದ ಫೆರ್ರಿ ಹೊರಡುವ ಫಿಯೊನ್‌ಫೋರ್ಟ್‌ಗೆ ಹೋಗುವ ಬಸ್ಸುಗಳು ಕಡಿಮೆ. ಫೆರ್ರಿಯ ಹೊತ್ತಿಗೆ ಹೊಂದುವಂಥದ್ದು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕು. ದಾರಿ ಒಂದೇ ಗಾಡಿಯಷ್ಟು ಅಗಲ. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಜಾಗ ಬಿಟ್ಟಿದ್ದಾರೆ. ಎದುರು ಗಾಡಿ ಬಂದರೆ ಒಬ್ಬರು ಅಲ್ಲಿ ನಿಲ್ಲುತ್ತಾರೆ, ಇನ್ನೊಬ್ಬರು ಕೈ ಎತ್ತಿ ಹೋಗುತ್ತಾರೆ. ಒಂದು ಗಂಟೆಗೂ ಜಾಸ್ತಿ ಹೀಗೇ. ಡ್ರೈವಿಂಗ್ ನನ್ನದಲ್ಲವಲ್ಲ ಅಂತ ಬೆಟ್ಟ ನೋಡುತ್ತಾ ಕೂತೆ.

ಫಿಯೊನ್‌ಫೋರ್ಟ್‌ನಿಂದ ಅಯೋನಾಕ್ಕೆ ಚಿಕ್ಕ ಫೆರ್ರಿ, 10 ನಿಮಿಷ. ಸಂತ ಕೊಲಂಬಾ 563ರಲ್ಲಿ ಬಂದು ಮಠ ಕಟ್ಟಿದ ದ್ವೀಪ ಇದು. ಅನುಮತಿ ಇಲ್ಲದೆ ಹೊರಗಿನವರ ಕಾರಿಗೆ ಇಲ್ಲಿ ಪ್ರವೇಶವೇ ಇಲ್ಲ, ಹಾಗಾಗಿ ಕಾರು ತಂದವರೂ ಇಲ್ಲಿ ನನ್ನ ಹಾಗೇ ಪಾದಚಾರಿಗಳು. ಫೆರ್ರಿಯ ಮುಂದಿನ ಕಬ್ಬಿಣದ ಹಲಗೆ ಇಳಿಜಾರಿಗೆ ಬಂದು ತಾಗುತ್ತದೆ. ಅಲೆ ಜೋರಿದ್ದರೆ ಬೂಟು ಒದ್ದೆ, ಅದಕ್ಕೆ ಒಂದು ಜೊತೆ ಸಾಕ್ಸ್ ಜಾಸ್ತಿ ಇಟ್ಟುಕೊಳ್ಳಿ.

ನಾನು ಪ್ಲಾನ್ ಮಾಡುವುದು ಹಿಂದಿನಿಂದ: ಓಬನ್‌ಗೆ ವಾಪಸ್ ಬರುವ ಕೊನೆಯ ಫೆರ್ರಿ ಮೊದಲು, ಅದಕ್ಕೆ ಸೇರುವ ಬಸ್ಸು ಆಮೇಲೆ, ನೋಡುವ ಜಾಗ ಕೊನೆಗೆ. ಗಾಳಿ ಜೋರಾದರೆ ಫೆರ್ರಿ ರದ್ದಾಗುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಹಿಂದಿನ ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ಸ್ಟೇಟಸ್ ನೋಡಿ. ವಾಪಸ್ ವಿಮಾನದ ಹಿಂದಿನ ದಿನವನ್ನಂತೂ ದ್ವೀಪಕ್ಕೆ ಇಡಲೇಬೇಡಿ.