ಫುಫು ಕುಟ್ಟುವಾಗ ಒನಕೆಗಿಂತ ಕೈ ಮುಖ್ಯ

ಘಾನಾದ ಕುಮಾಸಿಗೆ ಕೆಲಸಕ್ಕೆ ಬಂದು ನಾಲ್ಕು ವರ್ಷ ಆಯ್ತು. ಫುಫು, ಅಂದರೆ ಬೇಯಿಸಿದ ಮರಗೆಣಸು, ಬಾಳೆಕಾಯಿ ಕುಟ್ಟಿ ಮಾಡುವ ಇಲ್ಲಿನ ಮುದ್ದೆ, ತಿಂದಿದ್ದಕ್ಕೆ ಲೆಕ್ಕವಿಲ್ಲ. ಆದರೆ ಕೈಯಾರೆ ಮಾಡಿದ್ದು ಮೊನ್ನೆಯೇ ಮೊದಲು, ಎಜಿಸು ಕಡೆಯ ಒಂದು ಹಳ್ಳಿಯಲ್ಲಿ, ನನ್ನ ಜೊತೆ ಕೆಲಸ ಮಾಡುವ ಗೆಳೆಯನ ತಾಯಿಯ ಪಕ್ಕ ನಿಂತು. ಅವರನ್ನು ನಾನೂ ಮಾಮೆ ಅಂತಲೇ ಕರೆಯುತ್ತೇನೆ, ಇಲ್ಲಿನ ಟ್ವಿ ಭಾಷೆಯಲ್ಲಿ ಅಮ್ಮ ಅಂತ.

ಮೊದಲು ಸೂಪು, ಯಾಕಂದ್ರೆ ಅದು ತುಂಬಾ ಹೊತ್ತು ಕುದಿಯಬೇಕು. ಆವತ್ತು ಮಾಡಿದ್ದು ಅಬೆಂಕ್ವಾನ್, ಎಣ್ಣೆತಾಳೆ ಹಣ್ಣಿನ ಸೂಪು. ಹಣ್ಣನ್ನು ಮೆತ್ತಗೆ ಬೇಯಿಸಿ ಒರಳಿನಲ್ಲಿ ಕುಟ್ಟಬೇಕು, ಆದರೆ ಹಗುರವಾಗಿ. ಒಳಗಿನ ಬೀಜ ಒಡೆಯಬಾರದು, ತಿರುಳು ಮಾತ್ರ ಬಿಡಬೇಕು. ಆಮೇಲೆ ಬಿಸಿನೀರು ಹಾಕಿ, ನಾವು ಹುಣಸೆಹಣ್ಣು ಕಿವುಚುತ್ತೇವಲ್ಲ ಹಾಗೆ ಕಿವುಚಿ ಸೋಸಿದರೆ ಗಟ್ಟಿ ರಸ. ಉಳಿದ ನಾರನ್ನು ಮಾಮೆ ಬಿಸಾಡಲಿಲ್ಲ, ಒಣಗಲು ಹರಡಿದರು. ಎಣ್ಣೆ ಹಿಡಿದ ನಾರು, ಒಲೆಗೆ ಬೇಗ ಬೆಂಕಿ ಹತ್ತಿಸುತ್ತದೆ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ, ಬಿಳಿ ಬದನೆ ಬೇಯಿಸಿ ಅಸಂಕದಲ್ಲಿ ಅರೆದೆ. ಒಳಗೆಲ್ಲ ಗೀರುಗಳಿರುವ ಮಣ್ಣಿನ ಬಟ್ಟಲು ಅದು. ಹೊಗೆ ಕೊಟ್ಟು ಒಣಗಿಸಿದ ಮೀನು, ಘಮ ಬರಲು ಒಂದು ತುಂಡು ಪ್ರೆಕೆಸೆ ಕಾಯಿ. ಕೆಂಪು ಎಣ್ಣೆ ಮೇಲೆ ತೇಲುವ ತನಕ ಇಳಿಸುವಂತಿಲ್ಲ.

ಇನ್ನು ಫುಫು. ಮರಗೆಣಸು ಬೆಳಿಗ್ಗೆ ತಾನೇ ಹೊಲದಿಂದ ಕಿತ್ತದ್ದು, ಎರಡು ಮೂರು ದಿನ ಇಟ್ಟರೆ ಒಳಗೆ ಕಪ್ಪು ಗೆರೆ ಬಂದು ಕೆಟ್ಟುಹೋಗುತ್ತದೆ. ಅದನ್ನು ಸುಲಿದು, ಹಸಿ ಬಾಳೆಕಾಯಿಯ ಜೊತೆ ಚೆನ್ನಾಗಿ ಬೇಯಿಸಿ, ನಡುವಿನ ನಾರು ತೆಗೆದೆವು. ಉಪ್ಪು ಹಾಕಲ್ಲ, ಉಪ್ಪು ಖಾರವೆಲ್ಲ ಸೂಪಿನದ್ದೇ. ಒರಳಿಗೆ ಮೊದಲು ಬಾಳೆಕಾಯಿ. ಒನಕೆ ಆಳೆತ್ತರ ಇರುತ್ತದೆ, ತುದಿ ಕುಟ್ಟಿ ಕುಟ್ಟಿ ಕುಂಚದ ಹಾಗೆ ಬಿಚ್ಚಿಕೊಂಡಿರುತ್ತದೆ. ಬಾಳೆಕಾಯಿ ನುಣ್ಣಗಾದ ಮೇಲೆ ತೆಗೆದಿಟ್ಟು ಮರಗೆಣಸು ಹಾಕಬೇಕು. ನಾನು ಇಲ್ಲಿ ತೋಳು ನೋಯುತ್ತಿದೆ ಅಂತ ಸ್ವಲ್ಪ ಕೂತೆ, ಅಷ್ಟರಲ್ಲಿ ಗೆಣಸು ಆರಿತು. ಆರಿದ ಗೆಣಸಿನ ಗಂಟು ಎಷ್ಟು ಕುಟ್ಟಿದರೂ ಒಡೆಯಲ್ಲ. ಮಾಮೆ ಒಂದೊಂದೇ ಗಂಟು ಬೆರಳಲ್ಲಿ ಹುಡುಕಿ ತೆಗೆದರು.

ಎರಡನ್ನೂ ಸೇರಿಸಿ ಕುಟ್ಟುವಾಗ ಅವರು ಒನಕೆಯನ್ನು ಮಗನ ಕೈಗೆ ಕೊಟ್ಟು, ನನ್ನನ್ನು ಒರಳಿನ ಪಕ್ಕ ಸಣ್ಣ ಮಣೆಯ ಮೇಲೆ ಕೂರಿಸಿದರು, ಮಗುಚುವ ಕೆಲಸಕ್ಕೆ. ನಿಜವಾದ ಕೆಲಸ ಇದೇ ಅಂತ ನನಗೆ ಆಗ ಗೊತ್ತಾಯ್ತು. ಒನಕೆ ಮೇಲೆ ಹೋದ ಆ ಒಂದು ಕ್ಷಣದಲ್ಲಿ ಒದ್ದೆ ಕೈ ಒಳಗೆ ಹೋಗಿ, ಅಂಚಿನ ಹಿಟ್ಟನ್ನು ನಡುವಿಗೆ ಮಡಚಿ, ಹೊರಗೆ ಬರಬೇಕು. ನೀರು ಕೈಗೆ ಅಂಟಿದಷ್ಟೇ. ಬಟ್ಟಲಿಂದ ಸುರಿದರೆ ಹಿಟ್ಟು ಸಡಿಲ. ನನ್ನ ಕಣ್ಣು ಬರೀ ಒನಕೆ ಮೇಲೆ ಇತ್ತು, ಭಯಕ್ಕೆ ಕೈ ಅರ್ಧಕ್ಕೇ ವಾಪಸ್ ಬರುತ್ತಿತ್ತು. "ಒನಕೆ ನೋಡಬೇಡ ಮಗ, ಹಿಟ್ಟು ನೋಡು. ಒನಕೆ ಕಿವಿಗೆ ಕೇಳುತ್ತೆ" ಅಂದರು. ಕೇಳತೊಡಗಿದೆ. ಧಪ್, ಮಡಚು, ಧಪ್, ಮಡಚು. ಗೆಳೆಯ ಒಂದು ಸಲವೂ ತಾಳ ತಪ್ಪಲಿಲ್ಲ, ತಪ್ಪಿದ್ದರೆ ನನ್ನ ಬೆರಳು ಹೋಗುತ್ತಿತ್ತು, ಅಷ್ಟು ನಂಬಿಕೆ ಬೇಕು. ನಿಧಾನಕ್ಕೆ ಹಿಟ್ಟಿನ ಬಣ್ಣ ಒಂದೇ ಆಯ್ತು, ಎಳೆದರೆ ಜಗ್ಗತೊಡಗಿತು. ನಗರದಲ್ಲಿ ಪುಡಿ ಪ್ಯಾಕೆಟ್ ಸಿಗುತ್ತದೆ, ನಾನೂ ತರುತ್ತೇನೆ, ಹಸಿವಿಗೆ ಆಗುತ್ತೆ. ಆದರೆ ಈ ಜಗ್ಗು ಅದಕ್ಕೆ ಬರಲ್ಲ.

ಮಣ್ಣಿನ ಬಟ್ಟಲಲ್ಲಿ ಫುಫು ಇಟ್ಟು ಮೇಲೆ ಸೂಪು ಸುರಿದು, ಮೂವರೂ ಒಂದೇ ಬಟ್ಟಲಿಗೆ ಬಲಗೈ ಹಾಕಿದೆವು. ಇದನ್ನು ಅಗಿಯುವಂತಿಲ್ಲ, ನುಂಗಬೇಕು. ರಾಗಿಮುದ್ದೆ ತಿಂದು ಬೆಳೆದ ಮಂಡ್ಯದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಮೆಯ ಬಾಯಿಗೆ ಒಂದು ಗಂಟು ಸಿಕ್ಕಿತು. ಏನೂ ಹೇಳದೆ ಬದಿಗಿಟ್ಟು, ಇನ್ನೊಂದು ತುತ್ತು ಮುರಿದರು.