ಟೊಮೆಟೊಗೆ ಗೊಬ್ಬರ: ನಮ್ಮ ಬಿಸಿಲಲ್ಲಿ ತಿಪ್ಪೆ ಒಣಗುತ್ತದೆ, ಕಳಿಯುವುದಿಲ್ಲ

ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಎರೆ ಭೂಮಿ. ತೊಗರಿ, ಜೋಳದ ಜೊತೆ ಬಾವಿ ನೀರು ಸಾಕಾಗುವಷ್ಟು ಜಾಗದಲ್ಲಿ ಟೊಮೆಟೊ ಹಾಕುತ್ತೇನೆ. ಗೊಬ್ಬರ ಮನೆಯದೇ, ದನದ ಸಗಣಿ ಮತ್ತು ಆಡಿನ ಹಿಕ್ಕೆ.

ತಿಪ್ಪೆ ಹಳೆಯದಾದರೆ ಸಾಕು, ಗೊಬ್ಬರ ಆಯಿತು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತೇವ ಆರಿದರೆ ಸಗಣಿ ಕಳಿಯುವುದೂ ನಿಲ್ಲುತ್ತದೆ. ವರ್ಷದ ತಿಪ್ಪೆ ಒಡೆದು ನೋಡಿ, ಒಳಗೆ ಕಣಕಿ (ಜೋಳದ ಒಣ ದಂಟು) ಕಡ್ಡಿ ಹಾಗೇ ಇರುತ್ತದೆ. ಅದನ್ನು ಹೊಲಕ್ಕೆ ಹೊಡೆದರೆ ಮಳೆ ಬಿದ್ದ ಮೇಲೆ ಅಲ್ಲಿ ಕಳಿಯಲು ಶುರುವಾಗುತ್ತದೆ. ಆಗ ಸಸಿಗೆ ಸಿಗಬೇಕಾದ ಸಾರಜನಕ ಆ ಕಡ್ಡಿ ಕಳಿಯುವುದಕ್ಕೇ ಹೋಗುತ್ತದೆ. ಗೊಣ್ಣೆಹುಳ, ಕಳೆಬೀಜ ಬೇರೆ.

ಅದಕ್ಕೆ ಯುಗಾದಿ ಮುಗಿದ ಮೇಲೆ ಬೇವಿನ ಮರದ ನೆರಳಲ್ಲಿ ಸೊಂಟದೆತ್ತರ ಗುಪ್ಪೆ ಹಾಕುತ್ತೇನೆ. ಸಗಣಿ, ಅದರ ಮೇಲೆ ದನ ತಿಂದು ಬಿಟ್ಟ ಕಣಕಿ, ಆಮೇಲೆ ಹಿಕ್ಕೆ, ಹೀಗೇ ಪದರ ಪದರವಾಗಿ. ಹಿಕ್ಕೆಯನ್ನು ಮಾತ್ರ ರಾತ್ರಿ ನೆನೆಸಿಟ್ಟು ಜಜ್ಜಲೇಬೇಕು. ಇಲ್ಲಾಂದ್ರೆ ಒಳಗೆ ನೀರು ಇಳಿಯುವುದಿಲ್ಲ, ಕಾಳು ಕಾಳಾಗಿ ಹಾಗೇ ಉಳಿಯುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ನೀರು ಸುರಿಯಬಾರದು. ಮೇಲೆ ಹಸಿ ಗೋಣಿಚೀಲ ಹೊದಿಸುತ್ತೇನೆ.

ಕೆಲವೇ ದಿನದಲ್ಲಿ ಗುಪ್ಪೆ ಕಾಯುತ್ತದೆ. ನಡುವೆ ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಸ್ವಲ್ಪ ಹೊತ್ತಿಗೆ ಎಳೆದು ತುದಿ ಮುಟ್ಟಿದರೆ ಹಿಡಿಯಲು ಆಗಬಾರದು. ಒಳಗೆ 55 ಡಿಗ್ರಿ ದಾಟಿದರೆ ಕಳೆಬೀಜ, ರೋಗಾಣು ಹೆಚ್ಚಿನವು ಸಾಯುತ್ತವೆ. ಕಾವು ಇಳಿದಾಗ ಹೊರಗಿನದು ಒಳಗೆ ಹೋಗುವಂತೆ ಮಗುಚಿ, ಮತ್ತೆ ನೀರು ಚಿಮುಕಿಸುತ್ತೇನೆ. ಬಿಸಿಲಲ್ಲಿ ಬೆನ್ನು ಮುರಿಯುವ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ಮಗುಚಿದರೂ ಕಾವು ಏರದಿದ್ದರೆ, ಮೂಗಿಗೆ ಘಾಟು ಹೊಡೆಯದಿದ್ದರೆ, ಹಿಡಿದಾಗ ಪುಡಿಯಾದರೆ ಗೊಬ್ಬರ ಆಯಿತು.

ಎಕರೆಗೆ 10 ಟನ್ ಲೆಕ್ಕ ಇಟ್ಟುಕೊಂಡಿದ್ದೇನೆ. ಅರ್ಧ ಕೊನೆಯ ಕುಂಟೆ ಹೊಡೆಯುವ ಮುಂಚೆ ಚೆಲ್ಲುತ್ತೇನೆ, ಉಳಿದದ್ದು ಬೋದಿಗೆ, ಅಂದರೆ ಸಸಿ ನೆಡುವ ಏರು ಸಾಲಿಗೆ. ಎರೆ ಮಣ್ಣು ನೀರು ಹಿಡಿದಿಡುತ್ತದೆ, ಬೋದು ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಹಿಕ್ಕೆ ಒಳ್ಳೆಯದು ಅಂತ ಸುಮ್ನೆ ಸುರಿಯಬೇಡಿ. ಸಗಣಿ ಗೊಬ್ಬರದಲ್ಲಿ ಸಾರಜನಕ ಶೇ 0.5ರಷ್ಟು, ಕುರಿ-ಆಡಿನ ಗೊಬ್ಬರದಲ್ಲಿ ಶೇ 3ರ ಹತ್ತಿರ. ಜಾಸ್ತಿಯಾದರೆ ಗಿಡ ಸೊಪ್ಪು ತುಂಬಿ ನಿಲ್ಲುತ್ತದೆ, ಹೂವು ಕಡಿಮೆ.

ಕಾಯಿ ನಿಂತ ಮೇಲೆ ಹಸಿ ಸಗಣಿ ನೀರು ಹಾಕುವುದನ್ನು ನಾನು ಒಪ್ಪುವುದಿಲ್ಲ. ಟೊಮೆಟೊ ಹಸಿಯಾಗಿ ತಿನ್ನುವ ಹಣ್ಣು ಅಲ್ವಾ? ಸಗಣಿಯ ರೋಗಾಣು ತಿನ್ನುವವರ ಹೊಟ್ಟೆಗೇ ಹೋಗುತ್ತದೆ. ಇನ್ನು ಕಾಯಿಯ ತಳ ಕಪ್ಪಾದಾಗ ಕೆಲವರು ಮತ್ತೆ ಗೊಬ್ಬರ ಹಾಕುತ್ತಾರೆ. ನಮ್ಮ ಎರೆ ಮಣ್ಣಲ್ಲಿ ಸುಣ್ಣದಂಶ ಸಾಕಷ್ಟಿದೆ. ನೀರು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆದರೆ ಆ ಸುಣ್ಣದಂಶ ಕಾಯಿಗೆ ತಲುಪುವುದಿಲ್ಲ, ಅದಕ್ಕೇ ತಳ ಕಪ್ಪಾಗುತ್ತದೆ. ಅಂಥ ಹೊತ್ತಲ್ಲಿ ಬುಡಕ್ಕೆ ಕಣಕಿ ಹೊದಿಸಿ, ನೀರಿನ ಪಾಳಿ ತಪ್ಪದಂತೆ ನೋಡಿಕೊಳ್ಳಿ.